ಕ್ಯೂಬಾ ದ್ವೀಪದ ಪಾಠಾಂತರಗಳು

ಒಂದು ನಾಡಿನಲ್ಲಿ ಎಚ್.ಐ.ವಿ. ಸೋಂಕು ತಗುಲಿದವರು ಕೆಲವೇ ಮಂದಿ ಎಂದು ಕೇಳಿದೊಡನೆ, ಅಲ್ಲಿಯ ರೋಗಾಣುವೂ ಒಂದೇ ಬಗೆಯದೆಂದು ಊಹಿಸಿಬಿಡುತ್ತೇವೆ. ಈ ಊಹೆಯನ್ನು ಸುಳ್ಳಾಗಿಸಿದ ನಾಡು ಕ್ಯೂಬಾ. ಇಪ್ಪತ್ತನೆಯ ಶತಮಾನ ಮುಗಿಯುವ ವೇಳೆಗೆ ಅಲ್ಲಿಯ ವಯಸ್ಕರಲ್ಲಿ ಸಾವಿರಕ್ಕೆ ಒಬ್ಬರಂತೆಯೂ ಸೋಂಕಿತರಿರಲಿಲ್ಲ. ಆದರೂ ಆಫ್ರಿಕದ ಹೊರಗೆ ಅಪರೂಪವೆನ್ನಬಹುದಾದಷ್ಟು ವೈವಿಧ್ಯ ಆ ಸಣ್ಣ ದ್ವೀಪದ ರೋಗಾಣುಗಳಲ್ಲಿ ಕಂಡುಬಂದಿತು.

ಸಾಹಿತ್ಯಾಸಕ್ತರಾದ ತಮಗೆ ಇದನ್ನು ಓಲೆಗರಿಗಳ ದೃಷ್ಟಾಂತದಿಂದ ತಿಳಿಸುವುದು ಸುಲಭ. ಲಿಪಿಕಾರನು ಪ್ರತಿ ಮಾಡುವಾಗ ಅಕ್ಷರ ತಪ್ಪುತ್ತಾನೆ. ಮುಂದಿನ ಪ್ರತಿಗಳು ಆ ತಪ್ಪನ್ನು ಹೊತ್ತು ಸಾಗುತ್ತವೆ. ಯಾವ ಪ್ರತಿ ಯಾವುದರಿಂದ ಹುಟ್ಟಿತೆಂಬುದನ್ನು ಸಂಪಾದಕರು ಗುರುತಿಸುವುದು ಈ ಸಮಾನ ತಪ್ಪುಗಳಿಂದಲೇ. ಎಚ್.ಐ.ವಿ. ತೀರ ಅಜಾಗರೂಕ ಲಿಪಿಕಾರ. ಬರೆದುದನ್ನು ತಿದ್ದಿ ನೋಡುವ ಅಭ್ಯಾಸವೇ ಅದಕ್ಕಿಲ್ಲ. ಮಧ್ಯ ಆಫ್ರಿಕದಲ್ಲಿ, ಇಂದಿನ ಕಿನ್ಷಾಸಾ ನಗರದಲ್ಲಿ, 1920ರ ಸುಮಾರಿಗೆ ಹರಡತೊಡಗಿದ ಅದು ಎ, ಬಿ, ಸಿ, ಡಿ ಮೊದಲಾದ ಕವಲುಗಳಾಗಿ ಒಡೆಯಿತು. ಒಬ್ಬನ ದೇಹದಲ್ಲಿಯೇ ಎರಡು ಕವಲುಗಳು ಸೇರಿದರೆ, ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು ಬರೆದ ಹಾಗೆ, ಸಂಕರ ಪಾಠವೂ ಹುಟ್ಟುತ್ತದೆ.

ಅಮೆರಿಕ ಖಂಡದಲ್ಲಿ ಬಿ ಕವಲಿನದೇ ಮೇಲುಗೈ. ನಮ್ಮ ಭಾರತದಲ್ಲಿ ಸಿ ಕವಲಿನದು. ಕ್ಯೂಬಾದಲ್ಲಾದರೋ ಬಿ ಸರಿಸುಮಾರು ಅರ್ಧದಷ್ಟು ಮಾತ್ರ. ಉಳಿದವೆಲ್ಲ ಆಫ್ರಿಕದ ಕವಲುಗಳು ಮತ್ತು ಸಂಕರಗಳು. ಇದರ ಕಾರಣ ಚರಿತ್ರೆಯಲ್ಲಿದೆ. 1975ರಿಂದ 1991ರವರೆಗೆ ಅಂಗೋಲಾದ ಯುದ್ಧಕ್ಕೆ ಕ್ಯೂಬಾ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳುಹಿಸಿತು. ವೈದ್ಯರೂ ಉಪಾಧ್ಯಾಯರೂ ಹೋದರು. ಅಂಗೋಲಾ ಇರುವುದು ರೋಗಾಣುವಿನ ತವರಿನ ಮಗ್ಗುಲಲ್ಲೇ. ಮರಳಿದವರಲ್ಲಿ ಸೋಂಕಿತರು ಕೆಲವರೇ. ಆದರೆ ಒಬ್ಬೊಬ್ಬರು ತಂದ ಪಾಠ ಒಂದೊಂದು. ಬಿ ಮತ್ತು ಜಿ ಕವಲುಗಳು ಬೆರೆತ ಮೂರು ಹೊಸ ಸಂಕರಗಳನ್ನು ಮೊದಲು ಗುರುತಿಸಿದ್ದೂ ಕ್ಯೂಬಾದಲ್ಲಿಯೇ.

ಸರ್ಕಾರ 1986ರಿಂದ ಸೋಂಕಿತರನ್ನು ಆರೋಗ್ಯಧಾಮಗಳಲ್ಲಿ ಕಡ್ಡಾಯವಾಗಿ ಇರಿಸಿತು. ಊಟ, ಔಷಧ, ಸಂಬಳ ಎಲ್ಲವೂ ಇದ್ದವು. ಮನೆಗೆ ಹೋಗುವ ಸ್ವಾತಂತ್ರ್ಯವೊಂದಿರಲಿಲ್ಲ. 1993ರ ಬಳಿಕವಷ್ಟೇ ಆ ಕಟ್ಟು ಸಡಿಲವಾಯಿತು. ಸೋಂಕಿನ ಸಂಖ್ಯೆ ಕಡಿಮೆಯಿದ್ದುದನ್ನು ಹೊಗಳುವವರು ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕವಲುಗಳ ಈ ಎಣಿಕೆ ಬರಿಯ ಪಾಂಡಿತ್ಯದ ವಿಷಯವಲ್ಲ. ಎ, ಡಿ, ಜಿ ಮೂರೂ ಬೆರೆತ, 19 ಎಂಬ ಸಂಖ್ಯೆಯ ಸಂಕರವೊಂದು ಆ ದ್ವೀಪದಲ್ಲಿ ನೆಲೆಯೂರಿದೆ. ಚಿಕಿತ್ಸೆಯಿಲ್ಲದಿದ್ದರೆ ಸೋಂಕು ಏಡ್ಸ್ ಆಗಲು ಸಾಮಾನ್ಯವಾಗಿ ಎಂಟು ಹತ್ತು ವರ್ಷ ಹಿಡಿಯುತ್ತದೆ. ಕ್ಯೂಬಾ ಮತ್ತು ಬೆಲ್ಜಿಯಂ ದೇಶಗಳ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರೇ ವರ್ಷಗಳೊಳಗೆ ಆ ಹಂತ ಮುಟ್ಟಿದ ರೋಗಿಗಳ ನಡುವೆ ಈ ಸಂಕರ ಎದ್ದು ಕಂಡಿತು. ಔಷಧಗಳಿಗೆ ಇದೂ ಮಣಿಯುತ್ತದೆ. ಆದರೆ ತನಗೆ ಇನ್ನೂ ಕಾಲಾವಕಾಶವಿದೆ ಎಂದುಕೊಂಡು ಪರೀಕ್ಷೆಯನ್ನು ಮುಂದೂಡಿದವನಿಗೆ ಆ ಅವಕಾಶ ಉಳಿದಿರುವುದಿಲ್ಲ.