ಅಂಬಾಸಿಡರ್ ಕಾರಿನ ಎಂಜಿನ್ ಬದಲಾವಣೆ

ಅಂಬಾಸಿಡರ್ ಕಾರಿನ ಎಂಜಿನ್ ಬದಲಾವಣೆ ಎಂದರೆ ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆಯ ಅಂಬಾಸಿಡರ್ ಕಾರಿನಲ್ಲಿ ಸವೆದುಹೋದ ಮೂಲ ಎಂಜಿನ್ನನ್ನು ತೆಗೆದು, ಅದರ ಸ್ಥಾನದಲ್ಲಿ ಬೇರೊಂದನ್ನು ಅಳವಡಿಸುವ ಕೆಲಸ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದುದರಿಂದ ಉಳಿದಿರುವ ಕಾರುಗಳಿಗೆ ಯಾವ ಎಂಜಿನ್ ಸೂಕ್ತವೆಂಬ ಪ್ರಶ್ನೆ ಈಗಲೂ ಏಳುತ್ತದೆ.

ಮೂಲ ಎಂಜಿನ್‌ಗಳು

ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ರೂಪುಗೊಂಡ ಅಂಬಾಸಿಡರ್, ಬಹುಕಾಲ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ ಹೊಂದಿತ್ತು. 1980ರ ಸುಮಾರಿಗೆ ಅಷ್ಟೇ ಗಾತ್ರದ ಡೀಸೆಲ್ ಎಂಜಿನ್ ಬಂದಿತು. ಅದರ ಶಕ್ತಿ ಸುಮಾರು 37 ಅಶ್ವಶಕ್ತಿ ಮಾತ್ರ. ವೇಗ ಕಡಿಮೆಯಾದರೂ ಇಂಧನದ ಉಳಿತಾಯದಿಂದಾಗಿ ಬಾಡಿಗೆ ಕಾರಿನವರಿಗೆ ಅದು ಪ್ರಿಯವಾಯಿತು. 1990ರ ದಶಕದಲ್ಲಿ ಜಪಾನಿನ ಇಸುಜು ವಿನ್ಯಾಸದ 1817 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್, ಐದು ಗೇರುಗಳ ಪೆಟ್ಟಿಗೆಯೊಡನೆ ಬಂದಿತು. 1995 ಘನ ಸೆಂಟಿಮೀಟರಿನ ಇಸುಜು ಡೀಸೆಲ್ ಎಂಜಿನ್ ಸಹ ಇದೇ ಕಾರಿನಲ್ಲಿ ಬಳಕೆಗೆ ಬಂದಿತು.

ಆಯ್ಕೆ

ಎಂಜಿನ್ “ಬೋರಿಗೆ ಬಂದಿದೆ” ಎಂದು ಮೆಕ್ಯಾನಿಕ್ ಹೇಳಿದೊಡನೆ ಬದಲಾವಣೆಗೆ ಮುಂದಾಗಬೇಕಿಲ್ಲ. ಸಿಲಿಂಡರನ್ನು ಬೋರ್ ಮಾಡಿಸಿ, ಅಳತೆಗೆ ತಕ್ಕ ಪಿಸ್ಟನ್, ರಿಂಗ್ ಮತ್ತು ಬೇರಿಂಗ್‌ಗಳನ್ನು ಹಾಕಿಸಿದರೆ ಹಳೆಯ ಎಂಜಿನ್ ಇನ್ನೂ ಅನೇಕ ವರ್ಷ ನಡೆಯಬಲ್ಲದು. ಬ್ಲಾಕ್ ಸೀಳಿದ್ದರೆ ಮಾತ್ರ ಬದಲಾವಣೆ ಅನಿವಾರ್ಯವಾಗುವ ಸಂಭವ ಹೆಚ್ಚು.

ಅಂತಹ ಸಂದರ್ಭದಲ್ಲಿಯೂ ಅದೇ ಮಾದರಿಯ ಎಂಜಿನ್ನೇ ಉತ್ತಮ. ಮೌಂಟಿಂಗ್, ಕ್ಲಚ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್ ಯಾವುದನ್ನೂ ಮುಟ್ಟಬೇಕಾಗುವುದಿಲ್ಲ. ಇಸುಜು ಎಂಜಿನ್ ಹಾಕುವುದಾದರೆ ಅದರ ಗೇರ್ ಪೆಟ್ಟಿಗೆಯನ್ನೂ ಜೊತೆಗೆ ತರುವುದು ಲೇಸು. ಆಗ ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಸರಿಪಡಿಸಬೇಕಾಗಬಹುದು. ಹೆಚ್ಚಿನ ಶಕ್ತಿಗೆ ನಾಲ್ಕೂ ಗಾಲಿಗಳಲ್ಲಿ ಹಳೆಯ ಡ್ರಮ್ ಬ್ರೇಕ್ ಸಾಲದು ಎಂಬುದನ್ನು ಅನೇಕರು ಮರೆಯುತ್ತಾರೆ.

ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ನನ್ನು ಅಂಬಾಸಿಡರಿಗೆ ಕೂರಿಸುವ ರೂಢಿಯೂ ಇತ್ತು. ಇಂತಹ ಭಾರವಾದ ಎಂಜಿನ್ ಮುಂದಿನ ಟಾರ್ಷನ್ ಬಾರ್ ಅಮಾನತಿನ ಮೇಲೆ ಹೊರೆ ಹೆಚ್ಚಿಸುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಹಿಂದಿನ ಡಿಫರೆನ್ಷಿಯಲ್‌ನ ಅನುಪಾತ ಹೊಂದದೆ ಹೋಗಬಹುದು. ಬ್ರೇಕಿಗೆ ನಿರ್ವಾತ ಬೂಸ್ಟರ್ ಇರುವ ಕಾರಿನಲ್ಲಿ ಪ್ರತ್ಯೇಕ ನಿರ್ವಾತ ಪಂಪು ಬೇಕು, ಏಕೆಂದರೆ ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ ಎಂಜಿನ್ ತಾನಾಗಿ ನಿರ್ವಾತವನ್ನು ಒದಗಿಸುವುದಿಲ್ಲ. ಈ ಒಂದು ಸಂಗತಿಯನ್ನು ಕಡೆಗಣಿಸಿದರೆ ಪ್ರಾಣಕ್ಕೇ ಸಂಚಕಾರ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಅನಿಲ ಅಥವಾ ಬ್ಯಾಟರಿಯಿಂದ ಓಡಿಸಲು ಪರಿವರ್ತನಾ ಕಿಟ್ ಅಳವಡಿಸಲು ನಿಯಮಗಳಿಗೆ ಒಳಪಟ್ಟು ಅವಕಾಶವಿದೆ. ಇಸುಜು ಎಂಜಿನ್ ಅದೇ ಸಂಸ್ಥೆಯ ಕಾರಿನದೆಂಬ ಮಾತ್ರಕ್ಕೆ ಅನುಮತಿ ಖಚಿತವಲ್ಲ. ಹಣ ಕೊಡುವ ಮೊದಲು ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ಕೇಳುವುದು ಕ್ಷೇಮ. ಎಂಜಿನ್ ಬದಲಾದ 14 ದಿನಗಳೊಳಗೆ, ಮಾಲೀಕರು ವಾಸಿಸುವ ಪ್ರದೇಶದ ನೋಂದಣಿ ಪ್ರಾಧಿಕಾರಕ್ಕೆ ಅದನ್ನು ತಿಳಿಸಬೇಕು.

ಉಚ್ಚಂಗಿದುರ್ಗವಿರುವ ಹರಪನಹಳ್ಳಿ ತಾಲ್ಲೂಕಿನಲ್ಲಿ ಇದೊಂದು ಗೊಂದಲದ ವಿಷಯ. ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಹಾಗಾಗಿ ಹಳೆಯ ಕಾರಿನ ಮೇಲೆ ದಾವಣಗೆರೆಯ ಕೆಎ-17 ಇದ್ದರೂ, ಮಾಲೀಕರ ಊರು ಈಗ ಬೇರೆ ಜಿಲ್ಲೆಯಲ್ಲಿರುತ್ತದೆ.

ಹಳೆಯ ಎಂಜಿನ್ ಕೊಳ್ಳುವಾಗ ಅದರ ಸಂಖ್ಯೆಯುಳ್ಳ ರಸೀದಿಯನ್ನು ಪಡೆದಿಡಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಗಳ ನಂತರ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಆ ತಪಾಸಣೆಯಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಪತ್ರದೊಡನೆ ಹೋಲಿಸಿ ನೋಡುತ್ತಾರೆ. ವಿಮಾ ಸಂಸ್ಥೆಗೂ ಬದಲಾವಣೆಯನ್ನು ತಿಳಿಸಿರಬೇಕು. ಇಲ್ಲವಾದರೆ ಅಪಘಾತವಾದಾಗ ಪರಿಹಾರದ ಬೇಡಿಕೆಯ ಬಗ್ಗೆ ತಕರಾರು ಎದ್ದೀತು.