ನಾವಿಕರಿಲ್ಲದ ನೌಕೆ

'ವರ್ಲ್ಡ್ ಆಫ್ ವಾರ್‌ಶಿಪ್ಸ್' ಎಂಬ ಕಂಪ್ಯೂಟರ್ ಆಟದಲ್ಲಿ ನನಗೆ ಬಲು ಪ್ರಿಯವಾದುದು ಜಪಾನಿನ ವಿಧ್ವಂಸಕ ನೌಕೆ 'ಶಿಮಾಕಾಜೆ'. ಹೆಸರಿನ ಅರ್ಥ, ದ್ವೀಪದ ಗಾಳಿ. ಶತ್ರುವಿನ ಕಣ್ಣಿಗೆ ಬೀಳದಂತೆ ಸಮೀಪಿಸಿ, ಹದಿನೈದು ಟಾರ್ಪೆಡೊಗಳನ್ನು ಹರಿಯಬಿಟ್ಟು, ಹೊಗೆಯ ಮರೆಯಲ್ಲಿ ಜಾರಿಕೊಳ್ಳುವುದು ಅದರ ವರಸೆ. ಹೀಗೆ ದೈತ್ಯ ಯುದ್ಧನೌಕೆಗಳನ್ನು ಮುಳುಗಿಸಿ ಎಷ್ಟೋ ರಾತ್ರಿ ಹಿಗ್ಗಿದ್ದೇನೆ.

ಕುತೂಹಲದಿಂದ ಅದರ ಚರಿತ್ರೆಯನ್ನು ಓದಿದ ಮೇಲೆ ಆ ಹಿಗ್ಗು ಉಳಿಯಲಿಲ್ಲ. 1943ರಲ್ಲಿ ಸೇವೆಗೆ ಸೇರಿದ ಆ ಹಡಗು 40 ನಾಟ್, ಅಂದರೆ ಗಂಟೆಗೆ ಸುಮಾರು 75 ಕಿ.ಮೀ. ವೇಗ ಮುಟ್ಟಿತ್ತು. ಅದೇ ಮಾದರಿಯ ಇನ್ನೂ 16 ನೌಕೆಗಳ ಯೋಜನೆಯಿತ್ತು, ಒಂದೂ ನಿರ್ಮಾಣವಾಗಲಿಲ್ಲ. ಹಡಗುಗಳ ಕಾಳಗಕ್ಕೆಂದೇ ರೂಪುಗೊಂಡ ಅದಕ್ಕೆ ಮೃತ್ಯು ಬಂದದ್ದು ಆಕಾಶದಿಂದ. 1944ರ ನವೆಂಬರ್ 11ರಂದು ಫಿಲಿಪ್ಪೀನ್ಸ್‌ನ ಓರ್ಮಾಕ್ ಕೊಲ್ಲಿಯಲ್ಲಿ, ಸೈನಿಕರನ್ನು ಹೊತ್ತ ಹಡಗುಗಳಿಗೆ ಕಾವಲಾಗಿ ಸಾಗುತ್ತಿದ್ದಾಗ, ಅಮೆರಿಕದ ನೂರಾರು ವಿಮಾನಗಳು ಎರಗಿದವು. ವಿಮಾನಗಳ ಮುಂದೆ ಟಾರ್ಪೆಡೊ ನಿರುಪಯೋಗಿ. ಪಡೆಯ ನಾಯಕ ರಿಯರ್ ಅಡ್ಮಿರಲ್ ಹಾಯಾಕಾವಾ ಮಿಕಿಯೊ ಅಲ್ಲಿಯೇ ಮಡಿದರು. ಸಂಶೋಧನಾ ನೌಕೆ 'ಪೆಟ್ರೆಲ್' 2017ರಲ್ಲಿ ಶಿಮಾಕಾಜೆಯ ಅವಶೇಷವನ್ನು ಕಡಲತಳದಲ್ಲಿ ಪತ್ತೆಹಚ್ಚಿತು.

ಅದು ಆಕ್ರಮಣಕಾರಿ ಸಾಮ್ರಾಜ್ಯವೊಂದರ ಆಯುಧವಾಗಿತ್ತೆಂಬುದನ್ನು ನಾನು ಮರೆತಿಲ್ಲ. ಆದರೆ ಅದರೊಳಗಿದ್ದವರು ಮನುಷ್ಯರು.

ಆಟವನ್ನು ನಾನು ಹಳಿಯಲಾರೆ; ಈ ಚರಿತ್ರೆಯ ಬಾಗಿಲು ತೆರೆದುಕೊಟ್ಟದ್ದು ಅದೇ. ಈಚೆಗೆ ಮಾತ್ರ ಒಂದು ಸಂಗತಿ ಕಣ್ಣಿಗೆ ಚುಚ್ಚುತ್ತಿದೆ. ಪರದೆಯ ಮೇಲಿನ ಶಿಮಾಕಾಜೆಯಲ್ಲಿ ಫಿರಂಗಿಯಿದೆ, ಹೊಗೆಯಿದೆ, ಹಾರುವ ಧ್ವಜವಿದೆ. ಡೆಕ್ಕಿನ ಮೇಲೆ ಒಬ್ಬ ನಾವಿಕನೂ ಇಲ್ಲ. ಆದ್ದರಿಂದಲೇ ಅದು ಪ್ರತಿ ಪಂದ್ಯಕ್ಕೂ ಮರಳಿ ಬರಬಲ್ಲದು.