ಸಲಾಮಿಸಿನ ದಡದಲ್ಲಿ

ಎಂ.ಎ. ತರಗತಿಗೆ ಬಿ.ಎಂ.ಶ್ರೀಯವರ 'ಪಾರಸಿಕರು' ನಾಟಕವನ್ನು ಪಾಠ ಹೇಳುವ ಹೊಣೆ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಆಗ ಸಲಾಮಿಸ್ ದ್ವೀಪವನ್ನೂ ಅದರ ಮುಂದಣ ಕಡಲನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಹಲಗೆಯ ತುಂಬ ಕಡಲು, ಮೂಲೆಯಲ್ಲಿ ದ್ವೀಪ. ಸಾವಿರ ಹಡಗು ಹೊಡೆದಾಡಬೇಕಾದರೆ ಅಷ್ಟಾದರೂ ನೀರು ಬೇಡವೆ ಎಂಬುದು ನನ್ನ ಎಣಿಕೆ. ನಿವೃತ್ತನಾದ ಮೇಲೆ ಒಂದು ಸೆಪ್ಟೆಂಬರಿನಲ್ಲಿ ಮಗಳೊಡನೆ ಅಥೆನ್ಸಿಗೆ ಹೋಗಿದ್ದಾಗ, ಪಿರೇಯಸ್ ಬಂದರಿನ ಪಕ್ಕದ ಪೆರಾಮಾದಲ್ಲಿ ಫೆರಿ ಹತ್ತಿದೆವು. ಕೊಂಡ ಕಾಫಿ ಕುಡಿದು ಮುಗಿಯುವುದರೊಳಗೆ, ಹೆಚ್ಚೆಂದರೆ ಕಾಲು ಗಂಟೆಯಲ್ಲಿ, ದ್ವೀಪದ ಪಲೂಕಿಯಾ ಬಂದೇಬಿಟ್ಟಿತು. ನಾನು ಹಲಗೆಯ ತುಂಬ ಬರೆದ ಕಡಲು ಒಂದೆರಡು ಕಿಲೋಮೀಟರ್ ಅಗಲದ ಜಲಸಂಧಿ! ಇದನ್ನು ಕೇಳುತ್ತಿರುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಆ ನಕ್ಷೆಯನ್ನು ದಯವಿಟ್ಟು ಅಳಿಸಿಕೊಳ್ಳಬೇಕು.

ಆ ಇಕ್ಕಟ್ಟೇ ಗ್ರೀಕರನ್ನು ಉಳಿಸಿದ್ದು. ಕ್ರಿ.ಪೂ. 480ರಲ್ಲಿ ಪಾರಸಿಕ ದೊರೆ ಕ್ಸರ್ಕ್ಸೀಸ್ ಅಥೆನ್ಸನ್ನು ಸುಟ್ಟ. ಊರಿನ ಜನ ಅದಕ್ಕೆ ಮೊದಲೇ ಮನೆಮಠ ಬಿಟ್ಟು ಈ ದ್ವೀಪಕ್ಕೂ ಸುತ್ತಣ ಊರುಗಳಿಗೂ ದಾಟಿದ್ದರು. ಪಾರಸಿಕರ ಹಡಗುಗಳು 1207 ಎಂದು ಹೆರೊಡೋಟಸ್ ಬರೆಯುತ್ತಾನೆ. ಗ್ರೀಕರವು ನಾಲ್ಕು ನೂರನ್ನೂ ಮುಟ್ಟಲಿಲ್ಲ. ಅಥೆನ್ಸಿನ ಥೆಮಿಸ್ಟೋಕ್ಲೀಸ್ ಒಬ್ಬ ಸೇವಕನ ಮೂಲಕ ಶತ್ರುಗಳಿಗೆ ಸುಳ್ಳು ಸುದ್ದಿ ಮುಟ್ಟಿಸಿದ: ಗ್ರೀಕರು ಈ ರಾತ್ರಿಯೇ ಓಡಿಹೋಗಲಿದ್ದಾರೆ ಎಂದು. ಪಾರಸಿಕರು ಇರುಳೆಲ್ಲ ಹುಟ್ಟು ಹಾಕಿ ದಾರಿ ಕಾದರು. ಬೆಳಗಾದಾಗ ದಣಿದ ತೋಳುಗಳಿಂದ ಜಲಸಂಧಿಯೊಳಕ್ಕೆ ನುಗ್ಗಿದರು. ಹಡಗಿಗೆ ಹಡಗು ತಾಗಿ, ಹುಟ್ಟಿಗೆ ಹುಟ್ಟು ಸಿಕ್ಕಿಕೊಂಡು, ತಿರುಗಲು ಎಡೆಯಿಲ್ಲದೆ ಸಂಖ್ಯೆಯೇ ಅವರಿಗೆ ಶತ್ರುವಾಯಿತು. ಎದುರುದಡದ ಬೆಟ್ಟದ ತಪ್ಪಲಲ್ಲಿ ಸಿಂಹಾಸನ ಹಾಕಿಸಿಕೊಂಡು ದೊರೆ ಇದನ್ನೆಲ್ಲ ನೋಡುತ್ತಿದ್ದ. ಫೆರಿಯಲ್ಲಿ ನಿಂತು ಹಿಂದಿರುಗಿ ನೋಡಿದರೆ ಆ ತಪ್ಪಲು ಇಂದು ಮನೆಗಳಿಂದ ತುಂಬಿದೆ.

ಪ್ರವಾಸಿಗಳು ಹುಡುಕಿಕೊಂಡು ಹೋಗುವ ಚೆಲುವಾದ ತೀರ ದ್ವೀಪದ ದಕ್ಷಿಣದಲ್ಲಿರುವ ಪೆರಿಸ್ತೇರಿಯಾ. ಬೆಳಗನ್ನು ಅಲ್ಲಿ ಕಳೆದೆವು. ಬೆಟ್ಟ ನೀರಿನವರೆಗೆ ಇಳಿದು ಬಂದಿದೆ. ನೀರು ತಳದ ಕಲ್ಲು ಎಣಿಸುವಷ್ಟು ತಿಳಿ. ಮೇಲೆ ಗುಡ್ಡದ ಪಕ್ಕೆಯಲ್ಲಿ ಯೂರಿಪಿಡೀಸ್ ಕುಳಿತು ನಾಟಕ ಬರೆದನೆಂದು ಹಿಂದಿನವರು ಹೇಳುತ್ತಿದ್ದ ಗುಹೆಯಿದೆ. 1990ರ ದಶಕದಲ್ಲಿ ಅಲ್ಲಿ ಅಗೆದ ಪುರಾತತ್ತ್ವಜ್ಞರಿಗೆ ಅವನ ಹೆಸರಿನ ಅಕ್ಷರಗಳನ್ನು ಗೀಚಿದ ಒಂದು ಬಟ್ಟಲು ಸಿಕ್ಕಿತು. ಬಟ್ಟಲು ಕವಿಯ ಕಾಲದ್ದು, ಅಕ್ಷರಗಳು ಬಹಳ ಈಚಿನವು. ಯಾರೋ ಕಾವ್ಯಾಭಿಮಾನಿ ಹರಕೆಯಂತೆ ಒಪ್ಪಿಸಿ ಹೋದದ್ದಿರಬೇಕು. ಸಲಾಮಿಸಿನ ಯುದ್ಧದಲ್ಲಿ ಈಸ್ಕಿಲಸ್ ಹೋರಾಡಿದ, ಗೆಲುವಿನ ಹಬ್ಬದಲ್ಲಿ ಹುಡುಗ ಸೋಫೋಕ್ಲೀಸ್ ಕುಣಿದ, ಅದೇ ದಿನ ಈ ದ್ವೀಪದಲ್ಲಿ ಯೂರಿಪಿಡೀಸ್ ಹುಟ್ಟಿದ ಎಂಬ ಐತಿಹ್ಯವುಂಟು. ಮೊದಲಿನ ಮಾತು ನಿಜ. ಕೊನೆಯದು ಕೇಳಲು ಸೊಗಸು, ಅಷ್ಟೆ.

ಸಂಜೆ ಹೋದದ್ದು ಪೂರ್ವದ ಕಿನೊಸೂರಾಕ್ಕೆ. ಹೆಸರಿನ ಅರ್ಥ ನಾಯಿಯ ಬಾಲ. ಜಲಸಂಧಿಯೊಳಕ್ಕೆ ಚಾಚಿದ ಉದ್ದನೆಯ ನೆಲ. ಚೆಲುವನ್ನು ಇಲ್ಲಿ ಹುಡುಕಬಾರದು. ಹಡಗು ದುರಸ್ತಿಯ ಅಂಗಳಗಳು, ತುಕ್ಕು ಹಿಡಿದು ಅರ್ಧ ಮುಳುಗಿದ ಹಡಗುಗಳು. ಎದುರಿನ ಪ್ಸಿಟಾಲಿಯಾ ಎಂಬ ಪುಟ್ಟ ನಡುಗಡ್ಡೆಯಲ್ಲಿ ಪಾರಸಿಕ ಕುಲೀನರು ಕಡಿತಕ್ಕೆ ಸಿಕ್ಕಿದುದನ್ನು ಕಂಡು ದೊರೆ ಬಟ್ಟೆ ಹರಿದುಕೊಂಡನಂತೆ. ಈಗ ಅಲ್ಲಿರುವುದು ಅಥೆನ್ಸಿನ ಚರಂಡಿ ನೀರನ್ನು ಶುದ್ಧಮಾಡುವ ಸ್ಥಾವರ.

ಈ ತೀರಕ್ಕೆ ಸೇರಿದ ಒಂದು ಕಥೆಯನ್ನು ಪ್ಲೂಟಾರ್ಕ್ ಹೇಳಿದ್ದಾನೆ. ಜನ ಅಥೆನ್ಸ್ ಬಿಟ್ಟಾಗ ಸಾಕುಪ್ರಾಣಿಗಳು ದಡದಲ್ಲೇ ಉಳಿದುವು. ಕ್ಸಾಂತಿಪ್ಪಸ್ ಎಂಬವನ ನಾಯಿ ಒಡೆಯನ ಅಗಲಿಕೆ ತಾಳಲಾರದೆ ಕಡಲಿಗೆ ಹಾರಿ, ಹಡಗಿನ ಮಗ್ಗುಲಲ್ಲಿ ಈಜಿ ಬಂದು, ಸಲಾಮಿಸಿನ ದಡ ಮುಟ್ಟಿ ಸತ್ತಿತು. ಧರ್ಮರಾಯನ ನಾಯಿ ನಮಗೆ ನೆನಪಾಗದಿರುವುದಿಲ್ಲ. ಅದಕ್ಕೆ ಇಂಥ ಸಾವು ಬರಲಿಲ್ಲ. ಈ ಕ್ಸಾಂತಿಪ್ಪಸನ ಮಗ ಪೆರಿಕ್ಲೀಸ್. ಎಂಟು ವರ್ಷಗಳ ಬಳಿಕ, ಕ್ರಿ.ಪೂ. 472ರಲ್ಲಿ, ಈಸ್ಕಿಲಸನ 'ಪಾರಸಿಕರು' ರಂಗವೇರಿದಾಗ ಅದರ ಮೇಳದ ವೆಚ್ಚ ವಹಿಸಿದವನು ಆ ಪೆರಿಕ್ಲೀಸನೇ.

ಕಿನೊಸೂರಾದಲ್ಲೊಂದು ದಿಬ್ಬವಿದೆ. ಯುದ್ಧದಲ್ಲಿ ಮಡಿದ ಗ್ರೀಕರ ಸಮಾಧಿಯೆಂದು ನಂಬುತ್ತಾರೆ. ಹೆಸರುಗಳಿಲ್ಲ. ಅದರ ಕೆಳಗೆ ನೀರಿನಂಚಿನಲ್ಲಿ ಕುಳಿತು, ಚೀಲದಲ್ಲಿದ್ದ ನಾಟಕದ ಪ್ರತಿ ತೆಗೆದೆ. ಅದನ್ನು ತಂದದ್ದಕ್ಕೆ ಕಾರಣವಿತ್ತು. ನಾಟಕದಲ್ಲಿ ಒಬ್ಬ ಗ್ರೀಕನ ಹೆಸರೂ ಬರುವುದಿಲ್ಲ. ಗೆದ್ದವರ ನಡುವೆ ನಿಂತು ಹೋರಾಡಿದ ಕವಿ, ಗೆದ್ದವರ ಊರಿನಲ್ಲಿಯೇ, ಸೋತವರ ಅರಮನೆಯ ಅಳಲನ್ನು ಬರೆದ. ಮಡಿದ ಶತ್ರುಗಳ ಹೆಸರುಗಳನ್ನು ಮತ್ತೆ ಮತ್ತೆ ಹೇಳಿಸಿದ. ಪಾಠ ಹೇಳುವಾಗ ಆ ಪಟ್ಟಿಗಳು ನನಗೆ ಬೇಸರ. ಹೆಸರುಗಳೆಲ್ಲ ಚರಿತ್ರೆಯವಲ್ಲ, ಹಲವು ಕವಿಕಲ್ಪಿತವೆನ್ನುತ್ತಾರೆ. ಪರೀಕ್ಷೆಗೂ ಬರುವುದಿಲ್ಲ, ಮುಂದಿನ ಪುಟಕ್ಕೆ ಹೋಗೋಣ ಎಂದುಬಿಡುತ್ತಿದ್ದೆ. ಒಂದು ವರ್ಷವಲ್ಲ, ಪ್ರತಿ ವರ್ಷವೂ.

ಈಗ ಓದಿದೆ. ಆರ್ಟೆಂಬರೀಸ್: ಹತ್ತು ಸಾವಿರ ಕುದುರೆಗಳ ಒಡೆಯ, ಕುದುರೆ ಕಾಲಿಡಲಾಗದ ಈ ನೀರಿನಲ್ಲಿ ಸತ್ತು ಬಂಡೆಗಳಿಗೆ ಬಡಿಯುತ್ತಿದ್ದಾನೆ. ಆ ಬಂಡೆಗಳು ನಾನು ಕುಳಿತ ತೀರದವೇ ಎಂದು ಹಳೆಯ ಟಿಪ್ಪಣಿಕಾರರು ಗುರುತಿಸಿದ್ದಾರೆ. ಮತಾಲಸ್: ಅವನ ದಟ್ಟ ಕೆಂಗಡ್ಡದ ಬಣ್ಣ ನೆತ್ತರಲ್ಲಿ ಅದ್ದಿ ಬದಲಾಯಿತು. ಟೆನಾಗನ್: ಬ್ಯಾಕ್ಟ್ರಿಯಾದ ಕುಲೀನ, ಅಲೆ ಬಡಿಯುವ ಈ ದ್ವೀಪವನ್ನು ಸುತ್ತುತ್ತ ತೇಲುತ್ತಿದ್ದಾನೆ. ಗಡ್ಡದ ಬಣ್ಣ ಬದಲಾದುದನ್ನು ಅಷ್ಟು ಹತ್ತಿರದಿಂದ ನೋಡಿದವರಾರು? ಜಲಸಂಧಿಯ ಅಗಲ ನಾನು ಬರೆದಷ್ಟಿದ್ದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಹೆಸರು ಕಲ್ಪಿತವಾಗಿರಬಹುದು, ಗಡ್ಡ ಕಲ್ಪಿತವಲ್ಲವೆಂದು ನನಗೆ ಅಲ್ಲಿ ಅನ್ನಿಸಿತು. ಪಾರಸಿಕರಲ್ಲಿ ಬಹಳ ಮಂದಿಗೆ ಈಜು ಬರುತ್ತಿರಲಿಲ್ಲವೆಂದು ಹೆರೊಡೋಟಸ್ ಬರೆದಿದ್ದಾನೆ.

ಟೆನಾಗನ್ ಸುತ್ತುವ ದ್ವೀಪವನ್ನು ಕವಿ ಕರೆದಿರುವುದು ಏಜಾಕ್ಸನ ದ್ವೀಪವೆಂದು. ಟ್ರಾಯ್ ಯುದ್ಧದ ಆ ವೀರನ ತೌರೂರು ಸಲಾಮಿಸ್. ಅವಮಾನದಿಂದ ತನ್ನ ಕತ್ತಿಗೆ ತಾನೇ ಬೀಳುವ ಮುನ್ನ, ಸೋಫೋಕ್ಲೀಸನ ನಾಟಕದಲ್ಲಿ, ಅವನು ವಿದಾಯ ಹೇಳುವುದು ಈ ಮಣ್ಣಿಗೆ. ಆ ನಾಟಕವೇ ಶ್ರೀಯವರ ಕೈಯಲ್ಲಿ 'ಅಶ್ವತ್ಥಾಮನ್' ಆಯಿತು. ರನ್ನನ ಕಾವ್ಯದಿಂದ ಅವರು 'ಗದಾಯುದ್ಧ ನಾಟಕಂ' ಮಾಡಿದ್ದರು. 1935ರಲ್ಲಿ 'ಪಾರಸಿಕರು' ಬಂದಿತು. ದುರ್ಯೋಧನ, ಅಶ್ವತ್ಥಾಮ, ಕ್ಸರ್ಕ್ಸೀಸ್: ಮೂವರೂ ಸೋತವರು. ಕನ್ನಡಕ್ಕೆ ರುದ್ರನಾಟಕವನ್ನು ತರಹೊರಟವರು ಹೀಗೆ ಆರಿಸಿಕೊಂಡದ್ದು ಆಕಸ್ಮಿಕವೆಂದು ನಾನು ನಂಬಲಾರೆ. ಅವರ ಆರಿಕೆಯನ್ನು ಹೊಗಳುತ್ತ, ಸೋತವರ ಹೆಸರುಗಳನ್ನು ಮಾತ್ರ ಹಾರಿಸಿ ಪಾಠ ಹೇಳಿದವನು ನಾನು.

ನಾಟಕದ ಕೊನೆಯಲ್ಲಿ ಹರಕು ಬಟ್ಟೆಯ ದೊರೆ ಊರಿಗೆ ಮರಳುತ್ತಾನೆ. ಹಿರಿಯರು ಒಬ್ಬೊಬ್ಬರ ಹೆಸರೆತ್ತಿ, ಅವನೆಲ್ಲಿ, ಇವನೆಲ್ಲಿ ಎಂದು ಕೇಳುತ್ತಾರೆ. ಸಲಾಮಿಸಿನ ದಡದಲ್ಲಿ ಬಿಟ್ಟುಬಂದೆ ಎನ್ನುವುದು ದೊರೆಯ ಉತ್ತರ. ಅದನ್ನು ಗಟ್ಟಿಯಾಗಿ ಓದತೊಡಗಿದೆ. ಬಲೆ ಬಿಡಿಸುತ್ತಿದ್ದ ಒಬ್ಬ ಮುದುಕ ತಲೆಯೆತ್ತಿ ನೋಡಿ, ಮತ್ತೆ ತನ್ನ ಕೆಲಸಕ್ಕೆ ತಿರುಗಿದ. ಕತ್ತಲಾಗುತ್ತ ಬಂದು ಪೆರಾಮಾದ ದೀಪಗಳು ಹೊತ್ತಿಕೊಂಡುವು.

"ಅಪ್ಪಾ, ಹೊರಡೋಣವೆ? ಅಕ್ಷರ ಕಾಣುತ್ತದೆಯೇ ನಿಮಗೆ?" ಎಂದಳು ಮಗಳು.

"ಸ್ವಲ್ಪ ತಾಳಮ್ಮ, ಇನ್ನು ನಾಲ್ಕೇ ಹೆಸರು" ಎಂದೆ.